ಜಮಾಬಂದಿಯ ದಿನ ಗಟಾರಕ್ಕೆ ಸುರಿದ ಒಂದು ಕೊಡ ನೀರು

“ಫೋಟೋದಾಗ ನೀರು ಯಾವ ಕಡಿಗೆ ಹರೀತೈತ್ರಿ ಸಾಹೇಬ್ರ?”

ನಮ್ಮೂರ ಗ್ರಾಮ ಪಂಚಾಯಿತಿಯ ಜಮಾಬಂದಿ ಸಭೆಯಲ್ಲಿ ಹಿಂದಿನ ಸಾಲಿನಿಂದ ಎದ್ದುಬಂದ ಈ ಪ್ರಶ್ನೆ ವಾರವಿಡೀ ನನ್ನ ಬೆನ್ನು ಬಿಟ್ಟಿಲ್ಲ. ಕೇಳಿದವರು ಕೆಳಗಿನ ಓಣಿಯ ಹಿರಿಯ ಹೆಂಗಸು, ಊರಿನ ಅರ್ಧ ಮಂದಿ ‘ಆಯಿ’ ಎಂದೇ ಕರೆಯುವವರು. ಕೇಳಿಸಿಕೊಂಡವರು ತಾಲೂಕು ಪಂಚಾಯಿತಿ ನೇಮಿಸಿ ಕಳಿಸಿದ್ದ ಜಮಾಬಂದಿ ಅಧಿಕಾರಿ. ಅವರ ಕೈಯಲ್ಲಿ ಕಡತವಿತ್ತು, ಕಡತದಲ್ಲಿ ಫೋಟೋ ಇತ್ತು, ಫೋಟೋದ ಕೆಳಗೆ ಅಕ್ಷಾಂಶ, ರೇಖಾಂಶ, ದಿನಾಂಕ, ಸಮಯ ಎಲ್ಲವೂ ಮುದ್ರಿತವಾಗಿದ್ದವು. ಆ ಪ್ರಶ್ನೆಗೆ ಉತ್ತರ ಮಾತ್ರ ಅದರಲ್ಲಿ ಇರಲಿಲ್ಲ.

ಜಮಾಬಂದಿ ಎಂಬುದು ಪಂಚಾಯಿತಿಯ ವರ್ಷದ ಲೆಕ್ಕ ಒಪ್ಪಿಸುವ ದಿನ. 2004ರ ನಿಯಮಗಳ ಪ್ರಕಾರ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ಪ್ರತಿ ಗ್ರಾಮ ಪಂಚಾಯಿತಿಯೂ ಹಿಂದಿನ ಆರ್ಥಿಕ ವರ್ಷದ ಜಮಾ ಖರ್ಚನ್ನು ಊರವರ ಮುಂದಿಟ್ಟು, ನಡೆದ ಕಾಮಗಾರಿಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲನೆಗೆ ಒಳಪಡಿಸಬೇಕು. ಈ ತಿಂಗಳನ್ನು ಗೊತ್ತುಮಾಡಿದವರು ನಮ್ಮ ಧಾರವಾಡ ಸೀಮೆಯ ಎರೆಹೊಲಗಳನ್ನು ನೆನೆದಿರಲಿಕ್ಕಿಲ್ಲ, ಏಕೆಂದರೆ ಹೆಸರುಕಾಳಿನ ಬೆಳೆ ಬಿಡಿಸುವ ಹಂಗಾಮು ಸರಿಯಾಗಿ ಇದೇ ಹೊತ್ತಿಗೆ ಬರುತ್ತದೆ. ಬಿಸಿಲು ಕಂಡ ದಿನ ಊರಿನಲ್ಲಿ ಕೈಕಾಲು ಗಟ್ಟಿಯಿರುವವರು ಯಾರೂ ಸಿಗುವುದಿಲ್ಲ. ಅಂದು ಸಭಾಭವನದಲ್ಲಿ ಕುರ್ಚಿ ತುಂಬಿಸಿದ್ದವರು ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು, ಸ್ವಸಹಾಯ ಸಂಘದ ಕೆಲವು ಹೆಣ್ಣುಮಕ್ಕಳು, ಸದಸ್ಯರು, ಮತ್ತು ತಮ್ಮ ಮನೆಯ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 11 ಎಲ್ಲಿಗೆ ಬಂತು ಎಂದು ವಿಚಾರಿಸಲು ಬಂದು, ಅಲ್ಲೇ ಸಿಕ್ಕಿಹಾಕಿಕೊಂಡವರು. ನಿವೃತ್ತಿಯ ಬಳಿಕ ಊರಿಗೆ ಬಂದು ನೆಲೆಸಿರುವ ನನ್ನಂಥವರಿಗೆ ಹೊಲದ ತರಾತುರಿ ಇಲ್ಲದ್ದರಿಂದ ಮುಂದಿನ ಸಾಲಿನಲ್ಲಿ ಜಾಗ ಸಿಕ್ಕಿತು.

ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಓದತೊಡಗಿದರು. ಎರಡು ಪಂಚಾಯಿತಿಗಳ ಪ್ರಭಾರ ಹೊತ್ತಿರುವ ಅವರು ಸಜ್ಜನರು, ಕೆಲಸಗಳ್ಳರಲ್ಲ. ಆದರೆ ಓದುವ ವೇಗದಲ್ಲಿ ಮಾತ್ರ ಅವರನ್ನು ಮೀರಿಸುವವರಿಲ್ಲ. ಆರಂಭ ಶಿಲ್ಕು, 15ನೇ ಹಣಕಾಸು ಆಯೋಗದ ಅನುದಾನ, ತೆರಿಗೆ ವಸೂಲಿ, ಕುಡಿಯುವ ನೀರಿನ ಪಂಪಿನ ದುರಸ್ತಿ, ಬೀದಿದೀಪ, ಶಾಲೆಯ ಕಾಂಪೌಂಡು, ಕಸದ ವಾಹನದ ಡೀಸೆಲ್, ಅರಿವು ಕೇಂದ್ರಕ್ಕೆ ಪುಸ್ತಕ, ಹೀಗೆ ಒಂದರ ಬಾಲಕ್ಕೆ ಇನ್ನೊಂದು ಅಂಟಿಕೊಂಡು ಹೋಗುತ್ತಿತ್ತು. “ಕೆಳಗಿನ ಓಣಿಯಲ್ಲಿ ಸಿ.ಸಿ. ಚರಂಡಿ ನಿರ್ಮಾಣ, ಪೂರ್ಣಗೊಂಡಿದೆ” ಎಂಬ ವಾಕ್ಯವೂ ಅದೇ ಓಟದಲ್ಲಿ ದಾಟಿಹೋಗಬೇಕಿತ್ತು. ಆಯಿ ಅದನ್ನು ತಡೆದು ನಿಲ್ಲಿಸಿದರು.

“ನಮ್ಮ ಓಣ್ಯಾಗಿನ ಗಟಾರ ಮುಗದೈತಿ ಅಂತ ಓದಿದ್ರಲ್ರಿ?”

“ಹೌದಮ್ಮಾ, ಮುಗಿದಿದೆ. ಬಿಲ್ಲೂ ಆಗಿದೆ,” ಎಂದರು ಅಧಿಕಾರಿ.

“ನೋಡೀರೇನ್ರಿ?”

“ಫೋಟೋ ಇದೆಯಲ್ಲಮ್ಮಾ. ಜಿಪಿಎಸ್ ಸಮೇತ ಇದೆ, ಇಲ್ಲಿ ನೋಡಿ.”

ಆಮೇಲೆ ಬಂದದ್ದೇ ಆ ಪ್ರಶ್ನೆ. ಸಭೆಯಲ್ಲಿ ನಗು ಹರಡಿತು, ಅಧಿಕಾರಿಯೂ ನಕ್ಕರು. ಅವರದು ಕುಹಕದ ನಗುವಲ್ಲ, ಉತ್ತರ ಹೊಳೆಯದವರ ನಗು. ಆಯಿ ಮಾತ್ರ ನಗಲಿಲ್ಲ. ಆಕೆ ಚಮತ್ಕಾರಕ್ಕಾಗಿ ಆಡಿದ ಮಾತಲ್ಲ ಅದು. ದಿನಾ ಬೆಳಿಗ್ಗೆ ಬಾಗಿಲು ತೆರೆದಾಗ ಎದುರಿಗೆ ಕಾಣುವ ಸಂಗತಿಯೊಂದರ ವಿವರವನ್ನು ಕೇಳಿದ್ದರು, ಅಷ್ಟೆ. ಆದರೆ ನಾನು ಆ ಮಾತನ್ನು ಮನಸ್ಸಿನಲ್ಲಿ ತಿರುವಿಹಾಕಿದಷ್ಟೂ, ಇಡೀ ವರ್ಷದ ವರದಿಯಲ್ಲಿ ಇದೊಂದೇ ಪ್ರಶ್ನೆಯನ್ನು ಪ್ರತಿಯೊಂದು ಸಾಲಿಗೂ ಕೇಳಬಹುದಿತ್ತು ಎನಿಸುತ್ತದೆ. ದೀಪದ ಕಂಬದ ಫೋಟೋದಲ್ಲಿ ರಾತ್ರಿ ಎಲ್ಲಿದೆ? ನಳದ ಫೋಟೋದಲ್ಲಿ ವಾರಕ್ಕೆ ಎಷ್ಟು ದಿನ ನೀರು ಬರುತ್ತದೆ?

ಈ ಗಟಾರದ ಕಥೆ ನಿಜವಾಗಿ ನಳದಿಂದಲೇ ಶುರುವಾಗುತ್ತದೆ. ಕೈಪಂಪಿನಿಂದಲೋ ಓಣಿಯ ತುದಿಯ ಟಾಕಿಯಿಂದಲೋ ಕೊಡ ಹೊತ್ತು ತರುತ್ತಿದ್ದ ಕಾಲದಲ್ಲಿ ಪಾತ್ರೆ ತೊಳೆದ ನೀರು ಹಿತ್ತಲ ನುಗ್ಗೆಗೋ ಕರಿಬೇವಿಗೋ ಹೋಗುತ್ತಿತ್ತು. ಬೀದಿಗೆ ಬರುವಷ್ಟು ಉಳಿಯುತ್ತಲೇ ಇರಲಿಲ್ಲ. ಜಲ ಜೀವನ್ ಮಿಷನ್ ಬಂದು, ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂಬ ಲೆಕ್ಕದಲ್ಲಿ ಮನೆ ಮನೆಗೆ ನಳ ಹಾಕಿದ ಮೇಲೆ, ಹೆಂಗಸರ ಸೊಂಟದ ಭಾರವೇನೋ ಇಳಿಯಿತು, ಅದು ಸಣ್ಣ ಮಾತಲ್ಲ. ಆದರೆ ಒಳಗೆ ಬಂದ ನೀರಿನ ಬಹುಪಾಲು ಬಚ್ಚಲಿನಿಂದ ಹೊರಗೆ ಬರಲೇಬೇಕಲ್ಲ. ಮನೆಗೊಂದು ಇಂಗುಗುಂಡಿ ತೋಡಿ ಎಂದು ಹೇಳಿದವರಿದ್ದಾರೆ. ಕೆಂಪು ಮಣ್ಣಿನ ಊರುಗಳಲ್ಲಿ ಅದು ಒಳ್ಳೆಯ ಉಪಾಯ, ಎರೆಮಣ್ಣಿನಲ್ಲಿ ಒಮ್ಮೆ ಹಸಿಯಾದ ಗುಂಡಿ ನೀರನ್ನು ಕುಡಿಯುವುದೇ ಇಲ್ಲ. 1980ರ ದಶಕದಲ್ಲಿ ಊರೂರಿಗೆ ಕೊಳವೆಬಾವಿ ಕೊಡಿಸಿದ ಮಂತ್ರಿ ಅಬ್ದುಲ್ ನಜೀರ್‌ಸಾಬರನ್ನು ಜನ ‘ನೀರ್‌ಸಾಬ್’ ಎಂದು ಕರೆದು ಇಂದಿಗೂ ನೆನೆಯುತ್ತಾರೆ. ನೀರು ತಂದವರಿಗೆ ಅಂಥ ಹೆಸರು ಸಿಕ್ಕಿತು. ಬಳಸಿದ ನೀರನ್ನು ಊರಾಚೆ ಸಾಗಿಸಿದವರನ್ನು ಹಾಗೆ ಕರೆದದ್ದನ್ನು ನಾನು ಕೇಳಿಲ್ಲ.

ಸಭೆ ಮುಂದೆ ಸಾಗುವ ಲಕ್ಷಣವಿತ್ತು. ಪಿಡಿಒ ಮುಂದಿನ ಪುಟಕ್ಕೆ ಕೈ ಹಾಕಿದ್ದರು. ಆಗ ಅಧ್ಯಕ್ಷೆ ಎದ್ದು ನಿಂತರು. ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲಿದ್ದರೂ ಅವರ ಪರವಾಗಿ ಮಾತನಾಡಲು ಗಂಡಂದಿರೋ ಮೈದುನಂದಿರೋ ಮುಂದಿನ ಸಾಲಿನಲ್ಲಿ ಕುಳಿತಿರುವುದು ಹೊಸ ದೃಶ್ಯವೇನಲ್ಲ. ಅಂದೂ ಅಧ್ಯಕ್ಷೆಯ ಯಜಮಾನರು ನನ್ನ ಪಕ್ಕದಲ್ಲೇ ಇದ್ದರು. ಕುಳಿತುಕೋ ಎಂದು ಅವರು ಅಂಗೈ ಕೆಳಗೆ ಮಾಡಿ ಸನ್ನೆ ಮಾಡಿದ್ದನ್ನು ನಾನು ಕಂಡೆ. ಆಕೆ ಕಂಡರೋ, ಕಂಡೂ ಕಾಣದಂತಿದ್ದರೋ ಹೇಳಲಾರೆ. “ನಡೀರಿ ಸರ್, ನೋಡಿ ಬರೂಣು. ಐದು ನಿಮಿಷದ ದಾರಿ,” ಎಂದವರೇ ಬಾಗಿಲ ಬಳಿ ಹೋಗಿ ಚಪ್ಪಲಿ ಮೆಟ್ಟಿದರು. ಅಧ್ಯಕ್ಷೆಯೇ ಹೊರಟ ಮೇಲೆ ಅಧಿಕಾರಿ ಕುಳಿತಿರುವುದು ಹೇಗೆ? ಸ್ಥಳ ಪರಿಶೀಲನೆ ನಿಯಮದಲ್ಲೇ ಇರುವ ಕೆಲಸವಾದರೂ, ಅಂದು ಅದು ನಡೆದದ್ದು ಆಕೆ ಎದ್ದದ್ದರಿಂದ. ಆಕೆಯ ಬಗ್ಗೆ ಊರಲ್ಲಿ ಹಗುರವಾಗಿ ಮಾತನಾಡುವವರಿಗೆ ಇನ್ನು ಮುಂದೆ ನನ್ನ ಬಳಿ ಒಂದು ಉತ್ತರವಿದೆ.

ಓಣಿಯಲ್ಲಿ ಗಟಾರ ನೋಡಲು ಚೆನ್ನಾಗಿಯೇ ಇತ್ತು. ಎರಡೂ ಬದಿ ನೇರವಾಗಿದ್ದವು, ಮೇಲಂಚು ನುಣ್ಣಗಿತ್ತು, ಯಾವ ಕೋನದಿಂದ ಫೋಟೋ ತೆಗೆದರೂ ತಪ್ಪು ಹೇಳುವಂತಿರಲಿಲ್ಲ. ಆಯಿಯ ಮನೆಯ ಮುಂದೆ ಮಾತ್ರ ಕಪ್ಪು ನೀರು ನಿಂತು, ಅದರ ಮೇಲೆ ಸೊಳ್ಳೆಮರಿಗಳು ಕೊಂಕುತ್ತಿದ್ದವು. ಕಿರಿಯ ಎಂಜಿನಿಯರ್ ಬಾಗಿ ನೋಡಿ, ಕಸ ಸಿಕ್ಕಿಕೊಂಡಿರಬೇಕು, ಸ್ವಚ್ಛಗೊಳಿಸಿದರೆ ಹರಿಯುತ್ತದೆ ಎಂದರು. ಆಯಿ ವಾದಕ್ಕೆ ನಿಲ್ಲಲಿಲ್ಲ. ಒಳಗಿನಿಂದ ಮೊಮ್ಮಗಳು ತಂದ ತುಂಬಿದ ಕೊಡವನ್ನು ತಾನೇ ಇಸಿದುಕೊಂಡು, ಗಟಾರದ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ರಸ್ತೆಯ ಕಡೆಗೆ ಮುಖಮಾಡಿ ಒಮ್ಮೆಲೇ ಸುರಿದರು. ನೀರಿನೊಡನೆ ಒಂದು ಉಳ್ಳಾಗಡ್ಡಿ ಸಿಪ್ಪೆ ತೇಲಿಕೊಂಡು ಮುಂದೆ ಹೋಯಿತು. ಎರಡು ಮಾರು ಹೋಗಿರಬಹುದು. ಅಲ್ಲಿ ನಿಂತಿತು, ಒಂದು ಸುತ್ತು ತಿರುಗಿತು, ಬಳಿಕ ಅವಸರವೇನೂ ಇಲ್ಲದೆ ವಾಪಸು ಬಂದು ಆಯಿಯ ಕಾಲ ಬಳಿಯ ಗೋಡೆಗೆ ಅಂಟಿಕೊಂಡಿತು. ಯಾರೂ ಏನೂ ಹೇಳಬೇಕಾಗಲಿಲ್ಲ. ನೀರು ರಸ್ತೆಯ ದೊಡ್ಡ ಗಟಾರ ಸೇರುವ ಬದಲು ಹೊಸ್ತಿಲಿಗೇ ಮರಳುತ್ತಿತ್ತು.

ಕಟ್ಟುವಾಗ ಇಳಿಜಾರು ಸರಿಯಾಗಿಯೇ ಇತ್ತು, ಮಟ್ಟ ನೋಡಿಯೇ ಕಾಂಕ್ರೀಟ್ ಹಾಕಿಸಿದ್ದೇವೆ ಎಂದು ಎಂಜಿನಿಯರ್ ಹೇಳಿದ್ದನ್ನು ನಾನು ಪೂರ್ತಿ ಸುಳ್ಳೆನ್ನಲಾರೆ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಕುಳಿತ ಕಾಂಕ್ರೀಟು ಒಂದು ಕಡೆ ಏಳುತ್ತದೆ, ಇನ್ನೊಂದು ಕಡೆ ಕೂರುತ್ತದೆ. ನಮ್ಮ ಸೀಮೆಯಲ್ಲಿ ಮನೆ ಕಟ್ಟಿಸುವವರು ಈ ಕಾರಣಕ್ಕಾಗಿಯೇ ಬುನಾದಿಯ ಎರೆಯನ್ನು ತೆಗೆಸಿ ಗರಸು, ಅಂದರೆ ಜಲ್ಲಿಮಣ್ಣು, ತುಂಬಿಸಿ ಕುಟ್ಟಿಸುತ್ತಾರೆ, ಇದನ್ನು ತಿಳಿಯಲು ಎಂಜಿನಿಯರಿಂಗ್ ಓದಬೇಕಾಗಿಲ್ಲ. ಗುಂಪಿನಲ್ಲಿದ್ದ ಗೌಂಡಿಯೊಬ್ಬರು, “ತಳಕ್ಕ ಗರಸು ಹಾಕೀರೇನ್ರಿ?” ಎಂದು ಕೇಳಿದರು. ಅಂದಾಜು ಪಟ್ಟಿಯಲ್ಲಿ ಗರಸಿನ ಸಾಲು ಇತ್ತು. ಅಳತೆ ಪುಸ್ತಕದಲ್ಲೂ ಇತ್ತು. ಕಾಮಗಾರಿಗೆ ಮೊದಲು, ನಡುವೆ, ಮುಗಿದ ಮೇಲೆ ಎಂದು ಮೂರು ಹಂತದ ಫೋಟೋಗಳಿದ್ದವಲ್ಲ, ನಡುವಿನದರಲ್ಲಿ ಗರಸು ಕಾಣಬೇಕಿತ್ತು. ಕಡತ ತೆಗೆದು ನೋಡಿದರೆ ಅದರಲ್ಲಿ ಸೆಂಟ್ರಿಂಗಿನ ಹಲಗೆಗಳು ನಿಂತಿದ್ದವು, ಹಲಗೆಗೆ ಒರಗಿ ಇಬ್ಬರು ಕೂಲಿಯವರು ಕ್ಯಾಮೆರಾ ಕಡೆಗೆ ನಗುತ್ತಿದ್ದರು. ನೆಲ ಎಲ್ಲೂ ಇರಲಿಲ್ಲ.

ನಾನು ಫೋಟೋ ವಿರೋಧಿಯಲ್ಲ. ಕಟ್ಟದ ಚರಂಡಿಗೆ ಬಿಲ್ಲು ಮಾಡಿದ, ತೋಡದ ಬಾವಿಯೇ ಕಳುವಾದ ಕಥೆಗಳನ್ನು ಕೇಳುತ್ತ ಬೆಳೆದವರಿಗೆ, ಕೆಲಸ ಆ ಜಾಗದಲ್ಲಿ ಆಗಿದೆ ಎಂದಾದರೂ ಸಾಕ್ಷಿ ಹೇಳುವ ಫೋಟೋ ಒಂದು ದೊಡ್ಡ ರಕ್ಷಣೆಯೇ. ಆದರೆ ಕಳ್ಳತನ ತಡೆಯಲು ತಂದ ಉಪಾಯವೇ ನೋಡುವ ಕೆಲಸವನ್ನು ನುಂಗಿಬಿಟ್ಟಿದೆ. ವರದಿಯಲ್ಲಿದ್ದ ಕೆಲಸಗಳನ್ನು ಒಂದೊಂದಾಗಿ ನೆನೆದರೆ, ನಮ್ಮ ಪಂಚಾಯಿತಿ ನಿಜಕ್ಕೂ ಚೆನ್ನಾಗಿ ನಡೆಸುತ್ತಿರುವವೆಲ್ಲ ದಿನಾ ಒಬ್ಬ ಮನುಷ್ಯ ಜೊತೆಗಿರುವ ಕೆಲಸಗಳೇ. ಹಳೆಯ ಪಂಚಾಯಿತಿ ಗ್ರಂಥಾಲಯ ಈಗ ಅರಿವು ಕೇಂದ್ರವಾಗಿದೆ. ಶಾಲೆ ಬಿಟ್ಟ ಮಕ್ಕಳು ಅಲ್ಲಿ ಬಂದು ಕೂರುತ್ತಿದ್ದರೆ ಅದಕ್ಕೆ ಕಂಪ್ಯೂಟರ್ ಅಷ್ಟೇ ಕಾರಣವಲ್ಲ, ಮಕ್ಕಳ ಹೆಸರು ಹಿಡಿದು ಕರೆಯುವ ಮೇಲ್ವಿಚಾರಕಿ ಕಾರಣ. ಸ್ವಚ್ಛ ವಾಹಿನಿಯ ಕಸದ ಗಾಡಿಯನ್ನು ಸ್ವಸಹಾಯ ಸಂಘದ ಹೆಣ್ಣುಮಗಳೊಬ್ಬರು ಓಡಿಸುತ್ತಾರೆ. ಹಸಿ ಕಸ, ಒಣ ಕಸ ಬೇರೆ ಮಾಡದವರ ಮನೆ ಮುಂದೆ ಅವರು ಗಾಡಿ ನಿಲ್ಲಿಸಿ ಕಾಯುತ್ತಾರೆ, ನಾಚಿಕೆಗಾದರೂ ಜನ ಬೇರೆ ಮಾಡುತ್ತಾರೆ. ಕುಡಿಯುವ ನೀರು ಬರುತ್ತಿರುವುದು ವಾಲ್ವ್ ತಿರುಗಿಸಲು ನಸುಕಿನಲ್ಲಿ ಎದ್ದು ಹೋಗುವ ನೀರಗಂಟಿಯಿಂದ. ಗಟಾರಕ್ಕೆ ಮಾತ್ರ ಹಾಗೆ ಯಾರೂ ಇಲ್ಲ. ಬಿಲ್ಲಾದ ಮೇಲೆ ಅದು ಅನಾಥ.

ಹಣದ ಕಟ್ಟುಪಾಡುಗಳೂ ಇದಕ್ಕೆ ಕಾರಣವೆನ್ನದೆ ಇರಲಾಗದು. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಟ್ಟಿದ್ದರು, ಉಳಿದ ಶೇ 40ರಷ್ಟನ್ನು ಊರಿನ ಅಗತ್ಯ ನೋಡಿ ಖರ್ಚು ಮಾಡಬಹುದಿತ್ತು. ಆದರೆ ಸಂಬಳಕ್ಕೆ ಅದನ್ನು ಮುಟ್ಟುವಂತಿರಲಿಲ್ಲ. ಕಟ್ಟಲು ಹಣವಿದೆ, ಕಟ್ಟಿದ್ದನ್ನು ದಿನಾ ನೋಡಿಕೊಳ್ಳುವವನಿಗೆ ಕೊಡಲು ಊರಿನ ತೆರಿಗೆಯ ಕಡೆಗೆ ನೋಡಬೇಕು. ತೆರಿಗೆಯ ಮಾತು ಬಂದರೆ ನಮ್ಮವರ ಸ್ವರ ಇಳಿಯುತ್ತದೆ. ಅಂದು ಗಟಾರದ ಮುಂದೆ ಅತಿ ಗಟ್ಟಿಯಾಗಿ ಕೂಗಾಡಿದ ಮಹನೀಯರ ಹೆಸರು ಬಾಕಿದಾರರ ಪಟ್ಟಿಯಲ್ಲಿ ಮೇಲಿನ ಸಾಲುಗಳಲ್ಲೇ ಇತ್ತು. ಬಿಲ್ ಕಲೆಕ್ಟರ್ ಅದನ್ನು ಓದುವಾಗ ಅವರು ಫೋನು ಬಂತೆಂದು ಹೊರಗೆ ಹೋಗಿದ್ದರು. ಆಯಿಯ ಮನೆಯ ಕರ ಚುಕ್ತಾ ಆಗಿತ್ತು.

ಸಭಾಭವನಕ್ಕೆ ಮರಳಿದ ಮೇಲೆ ನಡಾವಳಿ ಬರೆಯುವಾಗ ಇನ್ನೊಂದು ಸುತ್ತು ನಡೆಯಿತು. “ಚರಂಡಿಯ ಹೂಳು ತೆಗೆಸಲು ಸೂಚಿಸಲಾಯಿತು” ಎಂದು ಕಾರ್ಯದರ್ಶಿ ಬರೆದಿದ್ದರು. ಹೂಳು ತೆಗೆಸಿದರೆ ಇಳಿಜಾರು ಬರುವುದೇ ಎಂದು ನಾನು ಕೇಳಿದೆ, ಗೌಂಡಿ ಜೊತೆಗೂಡಿದರು. ಅಧಿಕಾರಿ ಸ್ವಲ್ಪ ಹೊತ್ತು ಪೆನ್ನು ಹಿಡಿದು ಕುಳಿತರು. ಅವರ ಸ್ಥಾನದಲ್ಲಿದ್ದ ಇನ್ನೊಬ್ಬರು ಹೂಳಿನಲ್ಲೇ ಮುಗಿಸಿ ಎದ್ದುಬಿಡುತ್ತಿದ್ದರೇನೋ. ಇವರು ಆ ಸಾಲನ್ನು ಹೊಡೆದುಹಾಕಿಸಿ, ಇಳಿಜಾರು ವಿರುದ್ಧ ದಿಕ್ಕಿಗೆ ಇರುವುದು ಸ್ಥಳ ಪರಿಶೀಲನೆಯಲ್ಲಿ ಕಂಡುಬಂದಿದೆ ಎಂದೂ, ತಳದ ಗರಸನ್ನು ಅಗೆದು ಪರೀಕ್ಷಿಸಬೇಕೆಂದೂ ಬರೆಸಿ ಸಹಿ ಹಾಕಿದರು. ಮಧ್ಯಾಹ್ನದವರೆಗೆ ಅವರ ಬಗ್ಗೆ ನನಗಿದ್ದ ಅಭಿಪ್ರಾಯ ಆ ಸಹಿಯಿಂದ ಅರ್ಧದಷ್ಟು ಬದಲಾಯಿತು. ಪೂರ್ತಿ ಬದಲಾಗಲು ಅಗೆಯುವ ದಿನ ಬರಬೇಕು.

ಗುತ್ತಿಗೆದಾರನ ಭದ್ರತಾ ಠೇವಣಿ ಇನ್ನೂ ಪಂಚಾಯಿತಿಯಲ್ಲೇ ಉಳಿದಿದೆಯೇ, ಅವನು ಅದನ್ನು ಈಗಾಗಲೇ ಬಿಡಿಸಿಕೊಂಡು ಹೋಗಿದ್ದಾನೆಯೇ ಎಂಬ ಪ್ರಶ್ನೆಗೆ ಅಂದು ಉತ್ತರ ಸಿಗಲಿಲ್ಲ. ಪಿಡಿಒ ಎರಡು ಕಡತ ಮಗುಚಿ, ಮೂರನೆಯದು ಇನ್ನೊಂದು ಪಂಚಾಯಿತಿಯಲ್ಲಿ ಉಳಿದಿದೆ ಎಂದರು. ದುರಸ್ತಿ ಅವನ ಖರ್ಚಿನಲ್ಲಿ ಆಗುವುದೋ ಊರಿನ ಖರ್ಚಿನಲ್ಲೋ ಎಂಬುದು ಅದರ ಮೇಲೆ ನಿಂತಿದೆ. ನಡಾವಳಿಯ ಪ್ರತಿ ಮತ್ತು ಠೇವಣಿಯ ವಿವರ ಕೋರಿ ನಾನೂ ಗೌಂಡಿಯೂ ಅರ್ಜಿ ಬರೆದು ಸ್ವೀಕೃತಿ ಪಡೆದಿದ್ದೇವೆ. ಅರ್ಜಿಗೆ ಆಯಿಯೂ ಹೆಬ್ಬೆಟ್ಟು ಒತ್ತಿದರು, ಮತ್ತು ಹೊಲದಲ್ಲಿ ಹೆಸರುಕಾಳು ಬಿಡಿಸುವುದು ಮುಗಿಯುವ ಮೊದಲೇ ಎಂಜಿನಿಯರ್ ಬರಕೂಡದು, ಅಗೆಯುವಾಗ ಓಣಿಯ ಗಂಡಸರು ಮನೆಯಲ್ಲಿರಬೇಕು ಎಂದು ಅದರ ಕೆಳಗೆ ಒಂದು ಸಾಲು ಸೇರಿಸಲು ಹೇಳಿದರು. ಸೇರಿಸಿದ್ದೇವೆ.