ಹಾಸ್ಟೆಲ್ ಲ್ಯಾನ್ ರಿಪೇರಿ: ನೀಲಿ ಜೋಡಿ ಎಲ್ಲಿ ಹೋಯ್ತು?

ಶುಕ್ರವಾರ ರಾತ್ರಿ

ಊಟ ಮುಗಿದ ಮೇಲೆ ನಮ್ಮ ಹಾಸ್ಟೆಲ್ ವೈಫೈ ಅಂದ್ರೆ ಸಂಜೆಯ ಸಿಲ್ಕ್ ಬೋರ್ಡ್ ಜಂಕ್ಷನ್. ಅದಕ್ಕೇ ಮಂಚದ ಹಿಂದೆ ಅಡಗಿರುವ ಲ್ಯಾನ್ ಪೋರ್ಟ್ ಮೇಲೆ ಕಣ್ಣು ಬಿತ್ತು. ಕೇಬಲ್ ಹಾಕಿದರೆ ಲೈಟ್ ಒಂದು ಸಲ ಹತ್ತುತ್ತೆ, ಆರುತ್ತೆ, ಮತ್ತೆ ಹತ್ತುತ್ತೆ. ವಿಂಡೋಸ್ ಮಾತ್ರ ಕೇಬಲ್ಲೇ ಇಲ್ಲ ಅನ್ನುತ್ತೆ.

ತಮಾಷೆ ಏನಂದ್ರೆ, ರೂಮ್‌ಮೇಟ್‌ನ ಓಬೀರಾಯನ ಕಾಲದ ಲ್ಯಾಪ್‌ಟಾಪ್‌ಗೆ ಅದೇ ಪೋರ್ಟ್, ಅದೇ ಕೇಬಲ್‌ನಲ್ಲಿ ನೆಟ್ ಬರುತ್ತದೆ. "ನಿನ್ನ ಲ್ಯಾಪ್‌ಟಾಪೇ ಹೋಗಿದೆ ಬಿಡು ಮಗಾ" ಅಂದರು ಎಲ್ಲರೂ. ಆದರೆ ಕಾಲೇಜ್ ಲ್ಯಾಬ್‌ನಲ್ಲಿ ಇದೇ ಲ್ಯಾಪ್‌ಟಾಪ್, ಇದೇ ಕೇಬಲ್ ಸರಿಯಾಗಿ ಓಡುತ್ತವೆ. ಹಾಗಾದರೆ ತಪ್ಪು ಗೋಡೆಯದ್ದೇ, ಅಲ್ವಾ?

ಅವನ ಲ್ಯಾಪ್‌ಟಾಪ್‌ನ ನೆಟ್‌ವರ್ಕ್ ಕಾರ್ಡ್ 100 ಎಂಬಿಪಿಎಸ್‌ದು (ಸೆಕೆಂಡಿಗೆ 100 ಮೆಗಾಬಿಟ್), ನನ್ನದು ಗಿಗಾಬಿಟ್, ಅಂದ್ರೆ 1000. ಗುಟ್ಟು ಇಲ್ಲೇ ಇದೆ. ಕೇಬಲ್ ಒಳಗೆ ನಾಲ್ಕು ಜೋಡಿ ತಂತಿ ಇರುತ್ತವೆ. 100ಕ್ಕೆ ಎರಡೇ ಜೋಡಿ ಸಾಕು: ಪಿನ್ 1-2, 3-6. ಗಿಗಾಬಿಟ್‌ಗೆ ನಾಲ್ಕೂ ಬೇಕು. ಆದರೆ ಎಷ್ಟು ಸ್ಪೀಡ್‌ನಲ್ಲಿ ಮಾತಾಡೋಣ ಅಂತ ಲ್ಯಾಪ್‌ಟಾಪೂ ಆ ಕಡೆಯ ಸ್ವಿಚ್ಚೂ (ರೂಮುಗಳ ಕೇಬಲ್ ಎಲ್ಲಾ ಸೇರುವ ನೆಟ್‌ವರ್ಕ್ ಡಬ್ಬಿ) ಒಪ್ಪಿಕೊಳ್ಳುವುದು ಮೊದಲ ಎರಡು ಜೋಡಿಯಲ್ಲೇ. ಅಲ್ಲಿ ಇಬ್ಬರೂ ಗಿಗಾಬಿಟ್‌ಗೆ ಹೂಂ ಅಂತಾರೆ. ಆಮೇಲೆ ನೋಡಿದರೆ ಉಳಿದ ಜೋಡಿ ಇಲ್ಲ. ಲಿಂಕ್ ಬೀಳುತ್ತೆ, ಮತ್ತೆ ಮೊದಲಿಂದ ಶುರು. ಕೆಲವು ಕಾರ್ಡ್‌ಗಳು ತಾವೇ 100ಕ್ಕೆ ಇಳಿಯುತ್ತವೆ. ನನ್ನದಕ್ಕೆ ಆ ವಿನಯ ಇಲ್ಲ.

ಲಿನಕ್ಸ್‌ಗೆ ಹೋಗಿ, ನೆಟ್‌ವರ್ಕ್ ಕಾರ್ಡ್ ಸೆಟ್ಟಿಂಗ್ ಬದಲಿಸುವ ಎಥ್‌ಟೂಲ್ ಕಮಾಂಡ್‌ನಲ್ಲಿ 100 ಮಾತ್ರ ಬರುತ್ತೆ ಅಂತ ಹೇಳಿಸಿದೆ. ತಕ್ಷಣ ಲಿಂಕ್ ಬೀಳದೆ ನಿಂತಿತು. ಆದರೆ ಆಟೋ ನೆಗೋಶಿಯೇಶನ್ (ಮೇಲೆ ಹೇಳಿದ ಸ್ಪೀಡ್ ಮಾತುಕತೆ) ಪೂರ್ತಿ ಆಫ್ ಮಾಡಿ 100 ಫುಲ್ ಡ್ಯೂಪ್ಲೆಕ್ಸ್ (ಏಕಕಾಲಕ್ಕೆ ಎರಡೂ ಕಡೆ ಮಾತು) ಒತ್ತಾಯ ಮಾಡಬೇಡಿ. ಆ ಕಡೆ ಸ್ವಿಚ್ ಹಾಫ್ ಡ್ಯೂಪ್ಲೆಕ್ಸ್‌ಗೆ (ಒಂದು ಸಲಕ್ಕೆ ಒಬ್ಬರೇ ಮಾತು) ಬಿದ್ದು, ನೆಟ್ ಇದ್ದೂ ಇಲ್ಲದ ಹಾಗೆ ಆಗುತ್ತೆ.

ಶನಿವಾರ

ಎಸ್‌ಪಿ ರೋಡ್, ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ. ಟೌನ್ ಹಾಲ್ ಹತ್ತಿರ ಇಳಿದು ನಡೆದೆ. ಲ್ಯಾನ್ ಟೆಸ್ಟರ್ (ಎಂಟು ತಂತಿಗೂ ಒಂದೊಂದು ಲೈಟ್), ಐಓ ಜ್ಯಾಕ್ (ಗೋಡೆಯ ಲ್ಯಾನ್ ಪೋರ್ಟ್), ತಂತಿಯನ್ನು ಜ್ಯಾಕ್‌ಗೆ ಒತ್ತಿ ಕೂರಿಸುವ ಪಂಚಿಂಗ್ ಟೂಲ್ ತಗೊಂಡೆ. ಒಬ್ಬರು ಅಗ್ಗದ ಕೇಬಲ್ ತೋರಿಸಿದರು. ತಂತಿಯನ್ನು ಬ್ಲೇಡಲ್ಲಿ ಕೆರೆದರೆ ತಾಮ್ರದ ಕೆಳಗೆ ಬೆಳ್ಳಗೆ ಅಲ್ಯುಮಿನಿಯಂ. ಅಂಥದ್ದು ಬೇಡವೇ ಬೇಡ.

ಭಾನುವಾರ

ವಾರ್ಡನ್ ಸರ್ ಒಪ್ಪಿದರು. ಆದರೆ "ಗೋಡೆ ಒಡೀಬೇಡಪ್ಪ" ಅಂತ ಒಂದು ಷರತ್ತು.

ಟೆಸ್ಟರ್‌ನಲ್ಲಿ 1, 2, 3 ಹತ್ತಿದವು. 4, 5 ಕತ್ತಲು. 6, 7, 8 ಹತ್ತಿದವು. 4-5 ಅಂದ್ರೆ ನೀಲಿ ಜೋಡಿ.

ಫೇಸ್ ಪ್ಲೇಟ್ ಬಿಚ್ಚಿದೆ. ಧೂಳು, ಒಂದು ಸತ್ತ ಜಿರಳೆ, ಮತ್ತೆ ನೀಲಿ ಜೋಡಿ! ಜ್ಯಾಕ್‌ನಿಂದ ಪಕ್ಕಕ್ಕೆ ಎಳೆದು, ಇನ್‌ಸುಲೇಶನ್ ಟೇಪ್ ಸುತ್ತಿ, ಮೇಲಿನ ಇಂಟರ್‌ಕಾಮ್ ಡಬ್ಬಿಗೆ ಕೊಟ್ಟಿದ್ದಾರೆ. ಯಾರೋ ಒಂದೇ ಕೇಬಲ್‌ನಲ್ಲಿ ನೆಟ್ಟೂ ಫೋನೂ ಎರಡೂ ಮುಗಿಸಿದ್ದಾರೆ. ಬೈಯಲು ಮನಸ್ಸು ಬರಲಿಲ್ಲ. 100 ಎಂಬಿಪಿಎಸ್ ಕಾಲಕ್ಕೆ ಅದು ಜಾಣ ಕೆಲಸವೇ.

ಫೋನ್ ಲೈನಿನಲ್ಲಿ ಸಾಮಾನ್ಯವಾಗಿ 48 ವೋಲ್ಟ್ ಆಸುಪಾಸು ಇರುತ್ತೆ, ರಿಂಗ್ ಆಗುವಾಗ ಇನ್ನೂ ಜಾಸ್ತಿ. ಅದು ಸ್ವಿಚ್‌ಗೆ ನುಗ್ಗಿದರೆ ಸ್ವಿಚ್ ಗತಿ? ಮಲ್ಟಿಮೀಟರ್ ಇಟ್ಟೆ, ಸೊನ್ನೆ. ಇಂಟರ್‌ಕಾಮ್ ಸತ್ತು ಯಾವುದೋ ಕಾಲ ಆಗಿದೆ ಅಂತ ಎಲೆಕ್ಟ್ರಿಷಿಯನ್ ಅಣ್ಣನೂ ಹೇಳಿದರು. ಕಾರಿಡಾರ್ ರ‍್ಯಾಕ್ ಬೀಗ ತೆಗೆದುಕೊಟ್ಟಿದ್ದೂ ಅವರೇ. ಕೇಬಲ್‌ನ ಇನ್ನೊಂದು ತುದಿ ಇರುವುದು ಅಲ್ಲೇ; ಅಲ್ಲೂ ನೀಲಿ ಜೋಡಿ ಬೇರೆ ಕನೆಕ್ಟರ್ ಪಟ್ಟಿಗೆ ಹೋಗಿತ್ತು. ಎರಡೂ ತುದಿ ಬಿಡಿಸಿ, ಬಿ ಕಲರ್ ಕೋಡ್ (ಯಾವ ಬಣ್ಣದ ತಂತಿ ಯಾವ ಪಿನ್‌ಗೆ ಅನ್ನುವ ಕ್ರಮ) ಪ್ರಕಾರ ಪಂಚ್ ಮಾಡಿದೆ. ಜೋಡಿಯ ಹೆಣೆಗೆಯನ್ನು ಅರ್ಧ ಇಂಚಿಗಿಂತ ಜಾಸ್ತಿ ಬಿಚ್ಚಲಿಲ್ಲ.

ಟೆಸ್ಟರ್‌ನಲ್ಲಿ ಎಂಟೂ ಲೈಟ್ ಸಾಲಾಗಿ ಬಂದವು. ಎಥ್‌ಟೂಲ್‌ನಲ್ಲಿ ಹಾಕಿದ್ದ ಮಿತಿ ತೆಗೆದೆ. ಸ್ಪೀಡ್: 1000.

ರ‍್ಯಾಕ್‌ನಲ್ಲಿ ನಮ್ಮ ಫ್ಲೋರ್‌ನ ಎಲ್ಲಾ ನೀಲಿ ಜೋಡಿಗಳೂ ಅದೇ ಪಟ್ಟಿಗೆ ಹೋಗಿವೆ. ಪಕ್ಕದ ರೂಮಿನವರು ಆಗಲೇ ಟೆಸ್ಟರ್ ಕೇಳಿದರು. ಮುಂದಿನ ಭಾನುವಾರ ಅವರದ್ದು.