ಬಿಟ್ಟು ಹೋಗೋಕೇನು ಕಷ್ಟ ಅವರಿಗೆ?

ಕಲ್ಲು ಕ್ವಾರಿಯಲ್ಲಿ ಜೀತಕ್ಕಿರುವವರ ಬಗ್ಗೆ ಬರೆಯುತ್ತೇನೆ ಅಂತ ಗೊತ್ತಾದ ತಕ್ಷಣ ಜನ ಕೇಳುವುದು ಇದನ್ನೇ. 'ಅವರನ್ನೇನು ಕಟ್ಟಿ ಹಾಕಿದ್ದಾರಾ? ಬಿಟ್ಟು ಹೋಗಬಹುದಲ್ವಾ?' ಬಾಯಲ್ಲಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಕಟ್ಟಿ ಹಾಕಿಲ್ಲ ಸ್ವಾಮಿ. ಮುಂಗಡ ಕೊಟ್ಟಿದ್ದಾರೆ. ಆಮೇಲೆ ಅಕ್ಕಿಗೆ, ಔಷಧಿಗೆ ಅಂತ ಲೆಕ್ಕ ಬೆಳೆಯುತ್ತದೆ. ಲೆಕ್ಕದ ಪುಸ್ತಕ ಇರುವುದು ಮಾಲೀಕನ ಹತ್ತಿರ. ಒಂದು ಮದುವೆ ಊಟದಲ್ಲಿ ಪಕ್ಕ ಕೂತವರು ಇದೇ ಪ್ರಶ್ನೆ ಕೇಳಿದರು. ಸ್ವಲ್ಪ ಹೊತ್ತಿನ ಮುಂಚೆ ಅವರೇ ತಮ್ಮ ಮ್ಯಾನೇಜರ್‌ನ ಬೈಯುತ್ತಾ, ಮನೆ ಸಾಲ ತೀರೋವರೆಗೂ ಕೆಲಸ ಬಿಡೋ ಹಾಗಿಲ್ಲ ಅಂದಿದ್ದರು! 'ಕಂತು ತಪ್ಪಿದರೆ ನಿಮ್ಮ ಬ್ಯಾಂಕಿನವರು ಹೆಂಡತಿ ಮಕ್ಕಳನ್ನು ಕಲ್ಲು ಒಡೆಯೋಕೆ ಕೂರಿಸ್ತಾರಾ?' ಅಂದೆ. ಅವರು ಪಾಯಸ ಹಾಕಿಸಿಕೊಳ್ಳೋಕೆ ಆ ಕಡೆ ತಿರುಗಿದರು.

ಇನ್ನು ಕೆಲವರದು, 'ಕಾನೂನಿದೆಯಲ್ಲ, ಸಂಘಟನೆಗಳಿಗೇನು ಕೆಲಸ?' ಇದೆ, 1976ರ ಜೀತ ಪದ್ಧತಿ ರದ್ದತಿ ಕಾಯ್ದೆ. ಹರಿಯಾಣದ ಫರೀದಾಬಾದ್ ಕ್ವಾರಿಗಳಿಗೆ ಅದು ತಾನಾಗಿ ನಡೆದುಕೊಂಡು ಹೋಗಲಿಲ್ಲ. ಜೀತದವರನ್ನು ಬಿಡಿಸುವ ಸಂಘಟನೆ ಬಂಧುವಾ ಮುಕ್ತಿ ಮೋರ್ಚಾದವರು ಹೋಗಿ ನೋಡಿ ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. ಕೋರ್ಟು ಪತ್ರವನ್ನೇ ರಿಟ್ ಅರ್ಜಿಯಾಗಿ ತೆಗೆದುಕೊಂಡಿತು. ಹರಿಯಾಣ ಸರ್ಕಾರದ ವಾದ ಕೇಳಿ: ಬಲವಂತದ ದುಡಿಮೆ ಇದ್ದರೂ ಇರಬಹುದು, ಆದರೆ ಮುಂಗಡ ತಗೊಂಡಿದ್ದಕ್ಕೇ ಹೀಗೆ ದುಡಿಸುತ್ತಿದ್ದಾರೆ ಅಂತ ಕೂಲಿಯವರೇ ಸಾಬೀತು ಮಾಡಬೇಕು, ಅಲ್ಲಿಯವರೆಗೆ ಅದು ಜೀತವಲ್ಲ! ಪುಸ್ತಕ ಮಾಲೀಕನ ಹತ್ತಿರ, ಪುರಾವೆ ಮಾತ್ರ ಕೂಲಿಯವನು ತರಬೇಕು. 1983ರ ಡಿಸೆಂಬರ್ ತೀರ್ಪು ಇದನ್ನು ಒಪ್ಪಲಿಲ್ಲ. ಬಲವಂತದ ದುಡಿಮೆ ಕಂಡರೆ ಮುಂಗಡ ಇದೆ ಅಂತಲೇ ತಿಳಿಯಬೇಕು, ಇಲ್ಲ ಅನ್ನುವವರು ತೋರಿಸಲಿ ಎಂದಿತು.

ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ, ಅದರ ಬಗ್ಗೆ ಯಾರೂ ಕೇಳಲ್ಲ. ಕಲ್ಲು ಪುಡಿ ಮಾಡುವ ಕ್ರಷರ್ ಮೇಲೆ ನೀರಿನ ಡ್ರಮ್ ಇಟ್ಟು ಬಿಡದೆ ನೀರು ಚಿಮುಕಿಸಿ, ಇಲ್ಲವೇ ದೂಳು ಹೀರುವ ಯಂತ್ರ ಹಾಕಿ ಅಂತ. ಆ ದೂಳಿನ ಸಿಲಿಕಾ ಶ್ವಾಸಕೋಶದಲ್ಲಿ ಕೂತರೆ ಗಾಯದ ಕಲೆ ಕಟ್ಟುತ್ತದೆ, ಕ್ವಾರಿ ಬಿಟ್ಟು ಬಂದ ಮೇಲೂ ಅದು ಬೆಳೆಯಬಹುದು. ಈ ಕಾಯಿಲೆಯೇ ಸಿಲಿಕೋಸಿಸ್, ಗುಣವಾಗಲ್ಲ. ಟಿಬಿ ಅಂದುಕೊಂಡು ಮಾತ್ರೆ ನುಂಗಿಸುವುದೂ ಉಂಟು. ಉಸಿರು ಹತ್ತದವನು ದುಡಿಯುವುದು ಹೇಗೆ? ಔಷಧಿಗೆ ಮತ್ತೆ ಸಾಲ, ಆ ಸಾಲಕ್ಕೆ ಮಗ ಕ್ವಾರಿಗೆ.

ಹಾಗಾಗಿ ಕೇಳುವುದಾದರೆ ಇದನ್ನು ಕೇಳಿ: ಬಿಡಿಸಿಕೊಂಡು ಬಂದವರಿಗೆ ಎಕ್ಸ್‌ರೇ ತೆಗೆಸಿದ್ರಾ? ಬಿಡುಗಡೆ ಪತ್ರವೇನೋ ಕೊಡುತ್ತಾರೆ. 2016ರ ಕೇಂದ್ರ ಯೋಜನೆಯಲ್ಲಿ ಗಂಡಸರಿಗೆ 1 ಲಕ್ಷ ರೂಪಾಯಿ ಪುನರ್ವಸತಿ ಹಣವಿದೆ, ಆದರೆ ಪೂರ್ತಿ ಹಣ ಬೇಕಂದರೆ ಮಾಲೀಕನಿಗೆ ಶಿಕ್ಷೆ ಆಗೋವರೆಗೆ ಕಾಯಬೇಕು. ಅಷ್ಟು ದಿನ ಕೆಮ್ಮುವವನ ಕೈ ಹಿಡಿದು ಆಸ್ಪತ್ರೆಗೂ ಕಚೇರಿಗೂ ಅಲೆಯುವವರು ಯಾರು ಅಂದುಕೊಂಡಿರಿ? ಅದೇ, ನಿಮ್ಮ ಪ್ರಕಾರ ಕೆಲಸವಿಲ್ಲದ ಸಂಘಟನೆಯವರು.