ಒಲ್ಲೆನ್ನುವ ಮಗುವಿಗೆ ಹಲ್ಲುಜ್ಜುವ ರೂಢಿ: ಒಂಬತ್ತು ವಾರಗಳ ದಾಖಲೆ

ಮೊದಲ ದಿನ, ವಯಸ್ಸು 11 ತಿಂಗಳು

ಕೆಳಗೆ 2, ಮೇಲೆ 4, ಒಟ್ಟು 6 ಹಲ್ಲು. ಬ್ರಶ್ ಕಂಡ ಕೂಡಲೇ ತುಟಿ ಬಿಗಿಯುತ್ತದೆ, ತಲೆ ಪಕ್ಕಕ್ಕೆ ತಿರುಗುತ್ತದೆ. ಬಲವಂತ ಮಾಡಿದರೆ ಬೆನ್ನು ಬಿಲ್ಲಿನಂತೆ ಬಗ್ಗಿಸಿ ಅಳು. ಬ್ರಶ್ ಹಲ್ಲಿಗೆ ತಾಗುವುದು ಹೆಚ್ಚೆಂದರೆ 3 ಸೆಕೆಂಡ್. ಇಟ್ಟುಕೊಂಡ ಗುರಿ: ದಿನಕ್ಕೆ ಎರಡು ಸಲ, ಪ್ರತಿ ಹಲ್ಲಿನ ಹೊರಬದಿ, ಒಳಬದಿ ಎರಡಕ್ಕೂ ಬ್ರಶ್ ತಾಗಬೇಕು. ಆರು ಹಲ್ಲಿಗೆ 30 ಸೆಕೆಂಡ್ ಸಾಕು. ಎರಡು ನಿಮಿಷದ ಲೆಕ್ಕವೆಲ್ಲ ಬಾಯಿ ತುಂಬ ಹಲ್ಲು ಬಂದ ಮೇಲೆ.

ಹೇಗೂ ಬಿದ್ದುಹೋಗುವ ಹಲ್ಲಿಗೆ ಇಷ್ಟೆಲ್ಲ ಪಾಡು ಯಾಕೆ ಎನ್ನುವ ಮಾತು ಮನೆಮನೆಯಲ್ಲೂ ಬರುತ್ತದೆ. ಮುಂದಿನ ಹಾಲುಹಲ್ಲು ಬೀಳುವುದು 6–7 ವರ್ಷಕ್ಕೆ, ಹಿಂದಿನ ದವಡೆ ಹಲ್ಲು 10–12ಕ್ಕೆ. ಹಾಲುಹಲ್ಲಿನ ಎನಾಮಲ್ (ಹೊರಗಿನ ಗಟ್ಟಿ ಪದರ) ತೆಳು, ಹುಳುಕು ಬೇಗ ಒಳಗಿಳಿಯುತ್ತದೆ. ನೋವು, ಕೀವು ಶುರುವಾದರೆ ಮಗು ಊಟ ಬಿಡುತ್ತದೆ, ನಿದ್ದೆ ಬಿಡುತ್ತದೆ.

ಮೊದಲು ಬಾಯಿ ನೋಡುವ ಕೆಲಸ. ಕಿಟಕಿಯ ಬೆಳಕಿಗೆ ಮಲಗಿಸಿ, ಮೇಲ್ದುಟಿ ಎತ್ತಿ, ಒಣಬಟ್ಟೆಯಿಂದ ಹಲ್ಲು ಒರೆಸಿ ನೋಡಿದಾಗ ಕಂಡಿದ್ದು ಒಸಡಿನ ಅಂಚಿಗೆ ಕೂತ ಹಳದಿ ಮಿಶ್ರಿತ ಬಿಳಿ ಲೋಳೆ. ಅದು ಪ್ಲಾಕ್, ಒರೆಸಿದರೆ ಬರುತ್ತದೆ. ಸುಣ್ಣದ ಗೆರೆ ಎಳೆದಂಥ ಮಂಕು ಬಿಳುಪು ಒಸಡಿನ ಪಕ್ಕ ಕಂಡರೆ ಅದು ಹುಳುಕಿನ ಶುರು. ಹಲ್ಲು ಒದ್ದೆ ಇದ್ದಾಗ ಕಣ್ಣಿಗೆ ಬೀಳುವುದಿಲ್ಲ, ಅದಕ್ಕೇ ಒರೆಸಿ ನೋಡಬೇಕು. ಆ ಹಂತದಲ್ಲಿ ಪೇಸ್ಟಿಗೆ ಬೆರೆಸುವ ಲವಣವಾದ ಫ್ಲೋರೈಡ್‌ನಿಂದ ಹಲ್ಲು ಮತ್ತೆ ಗಟ್ಟಿಯಾಗಬಹುದು. ಕಂದು ಬಣ್ಣಕ್ಕೆ ತಿರುಗಿ ಗುಳಿ ಬಿದ್ದ ಮೇಲೆ ಆಗುವುದಿಲ್ಲ. ಇಲ್ಲಿ ಗೆರೆ ಇರಲಿಲ್ಲ.

ಮೊದಲ ವಾರ: ಬ್ರಶ್ ಇಲ್ಲ

ಬ್ರಶ್ ಕಂಡರೇ ಅಳುವ ಮಗುವಿಗೆ ಅದೇ ಬ್ರಶ್ಶನ್ನು ದಿನಾ ತೋರಿಸಿ ರೂಢಿ ಮಾಡುವುದು ಕಷ್ಟ. ಮೊದಲ ವಾರ ಅದನ್ನು ಎತ್ತಿಟ್ಟಾಯಿತು. ಹಳೆಯ ಪಂಚೆಯ ಮೆತ್ತನೆ ತುಂಡನ್ನು ಎರಡು ಅಂಗುಲಕ್ಕೆ ಕತ್ತರಿಸಿ, ಕುದಿಸಿ ಒಣಗಿಸಿ, ತೋರುಬೆರಳಿಗೆ ಸುತ್ತಿ, ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಒರೆಸುವುದು. ಬೆರಳಿನ ಉಗುರು ಕತ್ತರಿಸಿರಬೇಕು. ಕ್ರಮ: ಕೆನ್ನೆ, ಗಲ್ಲ, ತುಟಿಯ ಹೊರಗೆ, ಕೆಳಗಿನ ಒಸಡು, ಕೆಳಗಿನ ಹಲ್ಲು, ಕೊನೆಗೆ ಮೇಲಿನದು.

ಮೂರನೇ ದಿನ ಒಂದು ಸಂಗತಿ ಸ್ಪಷ್ಟವಾಯಿತು. ಕೆಳಗಿನ ಹಲ್ಲು ಒರೆಸಿದರೆ ಮಗು ಬಟ್ಟೆ ಕಚ್ಚಿ ಚೀಪುತ್ತದೆ. ಅಳು ಶುರುವಾಗುವುದು ಮೇಲಿನ ಎರಡು ನಡುಹಲ್ಲಿನ ಮೇಲಕ್ಕೆ ಹೋದಾಗ ಮಾತ್ರ. ಮೇಲ್ದುಟಿಯನ್ನು ಒಸಡಿಗೆ ಕಟ್ಟಿದ ಹಾಗೆ ನಡುವೆ ಒಂದು ತೆಳುಪೊರೆ ಇರುತ್ತದೆ. ದಂತವೈದ್ಯರು ಅದನ್ನು ಫ್ರೀನಮ್ ಎನ್ನುತ್ತಾರೆ. ಈ ವಯಸ್ಸಿನಲ್ಲಿ ಅದು ಹಲ್ಲಿನ ಹತ್ತಿರದವರೆಗೂ ಇಳಿದಿರಬಹುದು. ಬ್ರಶ್ಶಿನ ಅಂಚು ತಾಗಿದರೆ ಚುರುಕ್ ಎನ್ನುವಷ್ಟು ನೋವು. ‘ಹಟಮಾರಿ ಮಗು’ ಎಂದು ಹೆಸರು ಬೀಳುವ ಮೊದಲು ಈ ಪೊರೆಯನ್ನು ನೋಡಲೇಬೇಕು.

ಪರಿಹಾರ ಸುಲಭ. ಎಡಗೈ ತೋರುಬೆರಳಿನ ತುದಿಯನ್ನು ಮೇಲ್ದುಟಿಯೊಳಗೆ ಮೆಲ್ಲಗೆ ಸೇರಿಸಿ ಆ ಪೊರೆಯ ಮೇಲೇ ಅಡ್ಡಲಾಗಿ ಇಟ್ಟರೆ ಎರಡು ಕೆಲಸ ಆಗುತ್ತದೆ: ತುಟಿ ಮೇಲೇಳುತ್ತದೆ, ಬೆರಳೇ ಪೊರೆಗೆ ತಡೆಯಾಗುತ್ತದೆ. ಬ್ರಶ್ ಎಷ್ಟು ಜಾರಿದರೂ ಬೆರಳಿಗೆ ತಾಗುತ್ತದೆ. ಆರನೇ ದಿನ ಹೀಗೆ ಮಾಡಿದಾಗ ಮೇಲಿನ ನಾಲ್ಕೂ ಹಲ್ಲು ಅಳುವಿಲ್ಲದೆ ಒರೆಸಿದ್ದು, 9 ಸೆಕೆಂಡ್.

ಎರಡನೇ ವಾರ: ಬ್ರಶ್ ಮತ್ತು ಭಂಗಿ

ಬ್ರಶ್ ಎರಡು ಬೇಕು. ಒಂದು ಮಗುವಿನ ಕೈಗೆ, ಕಚ್ಚುವುದಕ್ಕೆ. ಇನ್ನೊಂದು ದೊಡ್ಡವರ ಕೈಯಲ್ಲಿ, ಉಜ್ಜುವುದಕ್ಕೆ. ಒಂದೇ ಇದ್ದರೆ ಕಿತ್ತಾಟ ತಪ್ಪಿದ್ದಲ್ಲ, ಕಚ್ಚಿ ಕಚ್ಚಿ ಎಳೆಗಳೂ ಕೆದರುತ್ತವೆ. ಕೆದರಿದ ಎಳೆ ಒಸಡಿಗೆ ಚುಚ್ಚುತ್ತದೆ. ಕಚ್ಚುವ ಬ್ರಶ್ ಮೂರು ವಾರಕ್ಕೇ ಹಾಳಾಯಿತು, ಉಜ್ಜುವುದನ್ನು ಮೂರು ತಿಂಗಳಿಗೆ ಬದಲಾಯಿಸಿದರೆ ಸಾಕು. ತಲೆ 15 ಮಿ.ಮೀ. ಮೀರದ, ಅತಿ ಮೆದು ಎಳೆಯ ಬ್ರಶ್ ಆರಿಸಬೇಕು. ಬೆರಳಿಗೆ ಹಾಕುವ ಸಿಲಿಕಾನ್ ಬ್ರಶ್ ಒಸಡು ತಿಕ್ಕಲು ಹಿತ, ಆದರೆ ಅದರ ದಪ್ಪ ಮುಳ್ಳು ಒಸಡಿನ ಅಂಚಿನ ಪ್ಲಾಕನ್ನು ಸರಿಯಾಗಿ ತೆಗೆಯುವುದಿಲ್ಲ.

ಕಾಲು ಚಾಚಿ ಕೂತು, ಕಾಲ ಮೇಲೆ ಮಗುವನ್ನು ಮಲಗಿಸಿ ಉಜ್ಜಲು ನೋಡಿದ್ದು ಪೂರ್ತಿ ಕೆಟ್ಟಿತು. ಅದು ಎಣ್ಣೆನೀರಿನ ಭಂಗಿ. ಮುಖದ ಮೇಲೆ ನೀರು ಬೀಳುತ್ತದೆ ಎಂದು ಮಗು ಮೊದಲೇ ಕಣ್ಣು ಮುಚ್ಚಿ ಕೂಗಿತು. ಎದುರಿಗೆ ಕೂರಿಸಿಕೊಂಡರೆ ಬಾಯೊಳಗೆ ಕತ್ತಲೆ, ತಲೆಗೆ ಆಸರೆಯಿಲ್ಲ.

ಹಿಡಿದದ್ದು ಇಬ್ಬರು ಸೇರಿ ಮಾಡುವ ರೀತಿ. ಇಬ್ಬರು ಎದುರುಬದುರು ಚಾಪೆಯ ಮೇಲೆ ಮೊಣಕಾಲಿಗೆ ಮೊಣಕಾಲು ತಾಗುವಂತೆ ಚಕ್ಕಳಮಕ್ಕಳ ಕೂರುವುದು. ಮಗುವಿನ ಮುಖ ಅಮ್ಮನ ಕಡೆ, ಕಾಲು ಅಮ್ಮನ ಸೊಂಟದ ಎರಡೂ ಪಕ್ಕ. ಹಾಗೇ ಹಿಂದಕ್ಕೆ ಒರಗಿಸಿದರೆ ತಲೆ ಅಜ್ಜಿಯ ಮಡಿಲಿಗೆ ಬರುತ್ತದೆ. ಅಮ್ಮನ ಮುಖ ಕಾಣುತ್ತಲೇ ಇರುತ್ತದೆ, ಕೈ ಅಮ್ಮನ ಕೈಯಲ್ಲಿ. ಉಜ್ಜುವವರು ಅಜ್ಜಿ, ಮೇಲಿನಿಂದ ಬಾಯಿ ಪೂರ್ತಿ ಕಾಣುತ್ತದೆ. ದಂತವೈದ್ಯರು ಪುಟ್ಟ ಮಕ್ಕಳನ್ನು ನೋಡುವುದೂ ಹೀಗೆಯೇ, ಆದ್ದರಿಂದ ವರ್ಷ ತುಂಬುವ ಹೊತ್ತಿಗೆ ಮಾಡಿಸಬೇಕಾದ ಮೊದಲ ತಪಾಸಣೆಗೂ ಇದು ತಾಲೀಮು.

ಉಜ್ಜುವ ಕ್ರಮ: ಮೇಲಿನ ಮುಂದಿನ ಹಲ್ಲು ಮೊದಲು. ಮಗುವಿನ ತಾಳ್ಮೆ ಮೊದಲ ಹತ್ತು ಸೆಕೆಂಡಿನಲ್ಲೇ ಹೆಚ್ಚು, ಹುಳುಕು ಮೊದಲು ಹಿಡಿಯುವುದೂ ಅಲ್ಲೇ. ಕೆಳಗಿನ ಮುಂಹಲ್ಲನ್ನು ನಾಲಗೆ, ಜೊಲ್ಲು ಕಾಯುತ್ತವೆ. ಮೇಲಿನದಕ್ಕೆ ಆ ರಕ್ಷಣೆ ಕಡಿಮೆ. ಎಳೆಗಳ ಅರ್ಧ ಹಲ್ಲಿನ ಮೇಲೆ, ಅರ್ಧ ಒಸಡಿನ ಮೇಲೆ ಇಟ್ಟು, ಎರಡೆರಡು ಹಲ್ಲಿಗೆ ಐದು ಸಲ ಸಣ್ಣದಾಗಿ ಸುತ್ತಿಸುವುದು. ಗಟ್ಟಿಯಾಗಿ ಎಣಿಸುತ್ತ ಉಜ್ಜಿ, ‘ಹತ್ತು’ ಎಂದ ತಕ್ಷಣ ಬ್ರಶ್ ಹೊರಗೆ. ಇನ್ನೊಂಚೂರು ಉಳಿದಿದೆ ಎಂದು ಹನ್ನೊಂದಕ್ಕೆ ಹೋಗಬಾರದು. ಹತ್ತಕ್ಕೆ ಮುಗಿಯುತ್ತದೆ ಎಂದು ಮಗುವಿಗೆ ಗೊತ್ತಾಗಲು ಎಂಟು ದಿನ ಹಿಡಿಯಿತು. ಎರಡನೇ ವಾರದ ಕೊನೆಗೆ 10 ಸೆಕೆಂಡ್, ದಿನಕ್ಕೊಂದೇ ಸಲ.

ಒಸಡಿನಿಂದ ಎರಡು ದಿನ ತುಸು ರಕ್ತ ಬಂತು. ಪ್ಲಾಕ್ ಕೂತು ಊದಿಕೊಂಡ ಒಸಡಿಗೆ ಹೀಗಾಗುತ್ತದೆ. ಉಜ್ಜುವುದು ನಿಲ್ಲಿಸಿದರೆ ಇನ್ನೂ ಊದುತ್ತದೆ. ಮೆತ್ತಗೆ ಮುಂದುವರಿಸಿದ ಮೇಲೆ ವಾರದೊಳಗೆ ನಿಂತಿತು.

ಮೂರನೇ ವಾರ: ಪೇಸ್ಟ್

ಮಕ್ಕಳ ಪೇಸ್ಟ್ ಎಂದು ಮಾರುವ ಎಲ್ಲದರಲ್ಲೂ ಫ್ಲೋರೈಡ್ ಇರುವುದಿಲ್ಲ. ಕೆಲವದರಲ್ಲಿ ಸೊನ್ನೆ, ಕೆಲವದರಲ್ಲಿ 500 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಇಷ್ಟು ಭಾಗ ಎನ್ನುವ ಅಳತೆ), ಕೆಲವದರಲ್ಲಿ 1000. ಡಬ್ಬಿಯ ಹಿಂಬದಿ ಓದಬೇಕು. ಇಲ್ಲಿ ಬಳಸಿದ್ದು 1000 ಪಿಪಿಎಂ, ಪುದೀನ ಇಲ್ಲದ್ದು. ದೊಡ್ಡವರಿಗೆ ತಂಪೆನಿಸುವ ಪುದೀನ ಮಗುವಿನ ನಾಲಗೆಗೆ ಖಾರ.

ಪ್ರಮಾಣ: ಒಂದು ಅಕ್ಕಿಕಾಳಿನಷ್ಟು. ಮೂರು ವರ್ಷದವರೆಗೂ ಇಷ್ಟೇ, ಆಮೇಲೆ ಬಟಾಣಿ ಕಾಳಿನಷ್ಟು. ಜಾಹೀರಾತಿನಲ್ಲಿ ಬ್ರಶ್ ಉದ್ದಕ್ಕೂ ಹಾವಿನಂತೆ ಹಿಂಡುವುದನ್ನು ಮರೆತುಬಿಡಬೇಕು. ಅಕ್ಕಿಕಾಳಿನಷ್ಟನ್ನು ಎಳೆಗಳ ಸಂದಿಗೆ ಬೆರಳಿನಿಂದ ಒತ್ತಿದರೆ ಒಂದೇ ಹಲ್ಲಿಗೆ ಮೆತ್ತಿಕೊಳ್ಳುವುದಿಲ್ಲ.

ಮಗುವಿಗೆ ಉಗುಳಲು ಬರುವುದಿಲ್ಲ, ನುಂಗುತ್ತದೆ. ಲೆಕ್ಕ ಹೀಗೆ: 1000 ಪಿಪಿಎಂ ಎಂದರೆ 1 ಗ್ರಾಂ ಪೇಸ್ಟಿನಲ್ಲಿ 1 ಮಿ.ಗ್ರಾಂ ಫ್ಲೋರೈಡ್. ಅಕ್ಕಿಕಾಳಿನಷ್ಟು ಪೇಸ್ಟ್ ಸುಮಾರು 0.1 ಗ್ರಾಂ, ಅದರಲ್ಲಿ 0.1 ಮಿ.ಗ್ರಾಂ. ಪೂರ್ತಿ ನುಂಗಿದರೂ ದಿನಕ್ಕೆ 0.2 ಮಿ.ಗ್ರಾಂ. ಕೋಲಾರ, ಪಾವಗಡ, ರಾಯಚೂರು ಕಡೆಯ ಎಷ್ಟೋ ಕೊಳವೆಬಾವಿಗಳ ಕಥೆ ಬೇರೆ, ಅಲ್ಲಿ ನೀರಿನಲ್ಲೇ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವುದು ಲೀಟರಿಗೆ 1 ಮಿ.ಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5. ಅಂಥ 1.5ರ ನೀರು ಅರ್ಧ ಲೀಟರ್ ಹೊಟ್ಟೆಗೆ ಹೋದರೆ 0.75 ಮಿ.ಗ್ರಾಂ. ಆ ಭಾಗದವರು ಮೊದಲು ನೀರು ಪರೀಕ್ಷೆ ಮಾಡಿಸಿ, ಪೇಸ್ಟಿನ ಬಗ್ಗೆ ದಂತವೈದ್ಯರನ್ನು ಕೇಳಿ ಮುಂದುವರಿಯುವುದು ಒಳ್ಳೆಯದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ.

ಇದ್ದಿಲು, ಉಪ್ಪು, ಹಲ್ಲುಪುಡಿ ಯಾವುದೂ ಬೇಡ. ಪುಡಿ ಉಸಿರಿಗೆ ಸೇರಬಹುದು, ತರಿ ಎನಾಮಲ್ ಸವೆಸುತ್ತದೆ.

ನಾಲ್ಕನೇ ವಾರ: ನೆಗಡಿ

ಎಲ್ಲ ಹಿಂದಕ್ಕೆ ಹೋಯಿತು. ಮೂಗು ಕಟ್ಟಿದ ಮಗು ಬಾಯಿಂದ ಉಸಿರಾಡುತ್ತದೆ. ಅದೇ ಬಾಯಿಗೆ ಬ್ರಶ್ ಹಾಕಿದರೆ ಉಸಿರು ಕಟ್ಟಿದಂತಾಗಿ ಗಾಬರಿಯಾಗುತ್ತದೆ. ಮೂಗಿಗೆ ಸಲೈನ್ ಹನಿ ಹಾಕಿ ಐದು ನಿಮಿಷ ಬಿಟ್ಟು, ತಲೆ ಎತ್ತರದಲ್ಲಿಟ್ಟು, ಮೇಲಿನ ನಾಲ್ಕು ಹಲ್ಲಿಗೆ ಮಾತ್ರ ಬಟ್ಟೆ. ಸಕ್ಕರೆ ಬೆರೆತ ಕೆಮ್ಮಿನ ಸಿರಪ್ಪನ್ನು ಹಲ್ಲುಜ್ಜಿದ ಮೇಲೆ ಕೊಡುತ್ತಿದ್ದದ್ದು ಈ ವಾರ ಗಮನಕ್ಕೆ ಬಂತು; ಅದನ್ನು ಮೊದಲು ಕೊಟ್ಟು ಆಮೇಲೆ ಉಜ್ಜುವಂತೆ ಬದಲಾಯಿತು.

ಐದು, ಆರನೇ ವಾರ: ರಾತ್ರಿಯ ಸಲ

ಬೆಳಗಿನದು ಸರಾಗ. ರಾತ್ರಿಯದು ಕೂಡಿಬರಲಿಲ್ಲ, ಕಾರಣ ಹೊತ್ತು. ಒಂಬತ್ತು ಗಂಟೆಗೆ ಕಣ್ಣುಜ್ಜುತ್ತಿರುವ ಮಗುವಿಗೆ ಯಾವುದೂ ಬೇಡ. ರಾಗಿ ಸರಿ ಆದ ಕೂಡಲೇ, ಏಳೂವರೆಗೆ ಉಜ್ಜಿದಾಗ ನಾಲ್ಕೇ ದಿನಕ್ಕೆ ಹತ್ತಿಕೊಂಡಿತು. ಆಮೇಲೆ ನೀರು ಬಿಟ್ಟು ಬೇರೇನೂ ಇಲ್ಲ.

ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗುವ ಅಭ್ಯಾಸವಿದ್ದರೆ ಬ್ರಶ್ ಒಂದರಿಂದ ಏನೂ ಆಗದು. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಹಾಲು ಮೇಲಿನ ಹಲ್ಲಿನ ಸುತ್ತ ನಿಲ್ಲುತ್ತದೆ. ರಾತ್ರಿ ಎದೆಹಾಲು ಕುಡಿಯುವ ಮಗುವಿಗೆ ಹಲ್ಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಒಳ್ಳೆಯದು. ಚೀಪುವ ನಿಪ್ಪಲ್ಲಿಗೆ ಜೇನು ಸವರುವುದು ಸಲ್ಲದು: ವರ್ಷದೊಳಗೆ ಜೇನಿನಿಂದ ಬಾಟ್ಯುಲಿಸಂ ಎಂಬ ಅಪಾಯದ ಕಾಯಿಲೆ ಬರಬಹುದು, ವರ್ಷದ ಮೇಲೂ ಅದು ಹಲ್ಲಿಗಂಟುವ ಸಕ್ಕರೆಯೇ. ರಾಗಿ ಸರಿಗೆ ಹಾಕುವ ಬೆಲ್ಲವೂ ಹಲ್ಲಿನ ಪಾಲಿಗೆ ಸಕ್ಕರೆಯೇ.

ಎಂಟನೇ ವಾರ: ದವಡೆ ಹಲ್ಲು

13 ತಿಂಗಳು ಆಗುತ್ತಿದ್ದಂತೆ ಮೇಲೆ ಬಲಗಡೆ ಒಸಡು ಊದಿತು, ಬೆರಳಿಗೆ ಚೂಪು ಸಿಗುತ್ತದೆ. ಆ ಜಾಗ ಬಿಟ್ಟು ಉಳಿದದ್ದು ಉಜ್ಜುವುದು. ಊದಿದಲ್ಲಿಗೆ ಫ್ರಿಜ್ಜಿನಲ್ಲಿಟ್ಟು ತಂಪಾದ (ಹೆಪ್ಪುಗಟ್ಟಿದ್ದಲ್ಲ) ಬಟ್ಟೆ. ನೋವಿಗೆಂದು ಬೆಂಜೊಕೇನ್ ಇರುವ ಜೆಲ್ ಎರಡು ವರ್ಷದೊಳಗೆ ಹಚ್ಚಬಾರದು, ರಕ್ತದ ಆಮ್ಲಜನಕ ಒಯ್ಯುವ ಶಕ್ತಿ ಕುಂದಬಹುದು.

ಮಗು ಬ್ರಶ್ ಕಚ್ಚಿ ಹಿಡಿದರೆ ಎಳೆಯಬಾರದು. ಕೆನ್ನೆಯ ಒಳಗಿನಿಂದ ಬೆರಳು ಜಾರಿಸಿ, ಹಲ್ಲೇ ಇಲ್ಲದ ಹಿಂದಿನ ಒಸಡಿನ ಮೇಲೆ ಮೆಲ್ಲಗೆ ಒತ್ತಿದರೆ ತಾನಾಗಿ ಬಾಯಿ ಬಿಡುತ್ತದೆ.

ಒಂಬತ್ತನೇ ವಾರ

ಈಗ 8 ಹಲ್ಲು. ಬೆಳಿಗ್ಗೆ 35 ಸೆಕೆಂಡ್, ರಾತ್ರಿ 40. ವಾರದ 14 ಸಲದಲ್ಲಿ ಅತ್ತದ್ದು 2 ಸಲ. ಒಣಗಿಸಿ ನೋಡಿದರೆ ಹೊರಬದಿಯಲ್ಲಿ ಪ್ಲಾಕ್ ಇಲ್ಲ, ಮೇಲಿನ ಹಲ್ಲಿನ ಒಳಬದಿಯಲ್ಲಿ ಇನ್ನೂ ಉಳಿಯುತ್ತದೆ. ಅಲ್ಲಿಗೆ ಬ್ರಶ್ಶನ್ನು ನೆಟ್ಟಗೆ ನಿಲ್ಲಿಸಿ, ತುದಿಯ ಎಳೆಗಳಿಂದ ಒಸಡಿನ ಕಡೆಯಿಂದ ಹೊರಕ್ಕೆ ಎಳೆಯಬೇಕು. ನಾಲಗೆ ತಳ್ಳುವುದರಿಂದ ಸದ್ಯಕ್ಕೆ ಮೂರು ಎಣಿಕೆಯಷ್ಟೇ ಸಿಗುತ್ತಿದೆ. ದವಡೆ ಹಲ್ಲು ಪೂರ್ತಿ ಮೇಲೆದ್ದ ಮೇಲೆ ಅದರ ನೆತ್ತಿಯ ಗುಳಿಗಳಿಗೆ ಹಿಂದೆ-ಮುಂದೆ ಉಜ್ಜುವುದು ಶುರು.